ಡಚ್ ಮತ್ತು ಮಾವೊರಿ: ಕಲಿಯುವವರು ಯಾವ ಪ್ರಾದೇಶಿಕ ರೂಪವನ್ನು ಆರಿಸಬೇಕು?

ಡಚ್ ಕಲಿಯುವವರು ಶಿಷ್ಟ ರೂಪದಿಂದಲೇ ಆರಂಭಿಸುವುದು ಲೇಸು. ಏಕೆಂದರೆ ಬೆಲ್ಜಿಯಂನ ಪಶ್ಚಿಮ ಫ್ಲೆಮಿಶ್, ಆಗ್ನೇಯ ನೆದರ್ಲೆಂಡ್ಸ್‌ನ ಲಿಂಬರ್ಗಿಶ್ ಮೊದಲಾದ ನುಡಿಗಳು ಅದರಿಂದ ಎಷ್ಟು ದೂರ ಸರಿದಿವೆಯೆಂದರೆ, ಆಮ್‌ಸ್ಟರ್‌ಡಾಮಿನವರಿಗೂ ಅವು ಸುಲಭವಾಗಿ ಅರ್ಥವಾಗುವುದಿಲ್ಲ. ಲಿಂಬರ್ಗಿಶ್‌ನಲ್ಲಂತೂ ದನಿಯ ಏರಿಳಿತವೇ ಅರ್ಥವನ್ನು ಬದಲಿಸಬಲ್ಲದು. 1997ರಲ್ಲಿ ನೆದರ್ಲೆಂಡ್ಸ್ ಅದಕ್ಕೆ ಪ್ರಾದೇಶಿಕ ಭಾಷೆಯ ಮಾನ್ಯತೆಯನ್ನೂ ನೀಡಿತು.

ನ್ಯೂಜಿಲೆಂಡಿನ ಮೂಲನಿವಾಸಿಗಳ ನುಡಿಯಾದ ಮಾವೊರಿಯ ಸ್ಥಿತಿ ಬೇರೆ. ಅಲ್ಲಿನ ಭೇದಗಳು ಬಹುಮಟ್ಟಿಗೆ ಉಚ್ಚಾರಣೆಗೂ ಪದಬಳಕೆಗೂ ಸೀಮಿತವಾಗಿದ್ದು, ಬೇರೆ ಬೇರೆ ಬುಡಕಟ್ಟಿನವರು ಪರಸ್ಪರರ ಮಾತನ್ನು ಗ್ರಹಿಸಬಲ್ಲರು: ಉತ್ತರ ದ್ವೀಪದ ಬಹುಭಾಗದಲ್ಲಿ ಕೇಳಿಬರುವ ‘ಙ’ ಧ್ವನಿ ದಕ್ಷಿಣ ದ್ವೀಪದ ಕಾಯ್ ತಾಹು ಜನರಲ್ಲಿ ‘ಕ’ ಆಗುತ್ತದೆ, ಉತ್ತರ ದ್ವೀಪದ ತೂಹೊಯ್ ಬುಡಕಟ್ಟಿನ ಸೀಮೆಯಲ್ಲಿ ‘ನ’ ಆಗುತ್ತದೆ. ಆದರೆ ಈ ಸಣ್ಣ ಭೇದವೇ ಅವರಿಗೆ ಬುಡಕಟ್ಟಿನ ಗುರುತು. ಆದ್ದರಿಂದ ನೀವು ಯಾವ ಸೀಮೆಯವರೊಡನೆ ಬಾಳುವಿರೋ ಅವರ ಉಚ್ಚಾರಣೆಯನ್ನೇ ಮೊದಲಿನಿಂದ ರೂಢಿಸಿಕೊಳ್ಳುವುದು ಉಚಿತವೆಂದು ನನ್ನ ಅಭಿಪ್ರಾಯ.