ಆರು ವರ್ಷ, ಮೂರು ಸ್ಥಳಾಂತರ: ಎರಡು ಫ್ಲೈಟ್ ಕೇಸ್‌ಗಳ ಜಾತಕ

76 ಕೀಗಳ ಕೀಬೋರ್ಡಿಗೆ ಒಂದು, ಅಕೂಸ್ಟಿಕ್ ಗಿಟಾರಿಗೆ ಒಂದು, ಹೀಗೆ ಎರಡು ಫ್ಲೈಟ್ ಕೇಸ್ (ವಾದ್ಯ ಸಾಗಿಸುವ ಗಟ್ಟಿ ಪೆಟ್ಟಿಗೆ) ಕೊಂಡು ಆರು ವರ್ಷವಾಯಿತು. ಈ ನಡುವೆ ಮೂರು ಸಲ ಮನೆ ಬದಲಿಸಿದ್ದೇನೆ. ಮೂರು ಸಲವೂ ಸಾವಿರ ಕಿಲೋಮೀಟರಿಗೆ ಕಡಿಮೆಯಿಲ್ಲದ ದಾರಿ. ಕೊಂಡ ಹೊಸತರಲ್ಲಿ ಬರೆದಿದ್ದರೆ ಕಣ್ಣುಮುಚ್ಚಿ ಐದಕ್ಕೆ ಐದು ಅಂಕ ಕೊಡುತ್ತಿದ್ದೆ. ಈಗ ಕೊಡುವುದು ಮೂರೂವರೆ.

ಹೊರಮೈಯ ಬಗ್ಗೆ ದೂರಿಲ್ಲ. 9 ಮಿ.ಮೀ. ಪ್ಲೈವುಡ್, ಅಂಚಿಗೆ ಅಲ್ಯೂಮಿನಿಯಂ ಪಟ್ಟಿ, ಮೂಲೆಗೆ ಉಕ್ಕಿನ ಗುಂಡನೆಯ ಕವಚ. ಹಿಡಿಕೆ, ಚಿಲಕಗಳೆಲ್ಲ ಮೈಯೊಳಗೆ ಹುದುಗಿರುವುದರಿಂದ ಪಕ್ಕದ ಸಾಮಾನಿಗೆ ಸಿಕ್ಕಿ ಕಿತ್ತುಬರುವುದಿಲ್ಲ. ಮೊದಲ ಪ್ರಯಾಣದಲ್ಲಿ ಲಾರಿಯೊಳಗೆ ಕಪಾಟೊಂದು ಕೀಬೋರ್ಡಿನ ಕೇಸ್ ಮೇಲೆ ಉರುಳಿತ್ತು. ಒಂದು ಮೂಲೆ ನಜ್ಜಾಯಿತು, ಒಳಗಿನ ಕೀಬೋರ್ಡಿಗೆ ಗೀರೂ ಬಿದ್ದಿರಲಿಲ್ಲ. ಭಾರ ಮಾತ್ರ ವಿಪರೀತ: ವಾದ್ಯಕ್ಕಿಂತ ಪೆಟ್ಟಿಗೆಯೇ ಹೆಚ್ಚು ತೂಗುತ್ತದೆ. ಚಕ್ರವಿಲ್ಲದ ಮಾದರಿಯನ್ನು ಕೊಂಡದ್ದು ನನ್ನದೇ ಜಿಪುಣತನ. ಅದಕ್ಕೆ ಅಂಕ ಕಳೆಯುವುದಿಲ್ಲ, ಸೊಂಟನೋವು ನನಗೇ ಇರಲಿ.

ಎರಡನೆಯ ಪ್ರಯಾಣದಲ್ಲಿ ಗಿಟಾರ್ ಮುರಿಯಿತು. ಕೇಸ್ ಮೇಲೆ ಒಂದು ಗುರುತೂ ಇರಲಿಲ್ಲ. ಮುಚ್ಚಳ ತೆಗೆದರೆ ತಂತಿಗಳು ಜೋಲುಬಿದ್ದಿವೆ, ಬಿರಡೆಗಳಿರುವ ತುದಿಭಾಗವಾದ ಹೆಡ್‌ಸ್ಟಾಕ್ ಬುಡದಲ್ಲಿ ಕೂದಲೆಳೆಯಂಥ ಬಿರುಕು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೆ, ಬಿರುಕು ಬಾಯಿಬಿಟ್ಟಿತು. ಪೆಟ್ಟಿಗೆ ಬೆನ್ನ ಮೇಲೆ ಬಿದ್ದಾಗ ಗಿಟಾರಿನ ಒಡಲು ಫೋಮಿಗೆ ತಾಗಿ ಅಲ್ಲೇ ನಿಲ್ಲುತ್ತದೆ. ಆರು ಬಿರಡೆಗಳ ಭಾರ ಹೊತ್ತ ತುದಿಗೆ ಆಸರೆಯಿಲ್ಲ, ಅದು ಇನ್ನಷ್ಟು ಹಿಂದಕ್ಕೆ ಬಾಗುತ್ತದೆ. ಹಿಂದಕ್ಕೆ ಓರೆಯಾಗಿರುವ ಹೆಡ್‌ಸ್ಟಾಕ್ ಆದರೆ ಮರದ ಎಳೆಗಳು ಆ ಜಾಗದಲ್ಲಿ ಉದ್ದಕ್ಕೆ ಹರಿಯದೆ ತುಂಡಾಗಿರುತ್ತವೆ. ಸೀಳಲು ಅಷ್ಟು ಸಾಕು. ನನ್ನ ಕೇಸಿನ ಫೋಮ್ 'ಎಲ್ಲ ಗಿಟಾರಿಗೂ ಹೊಂದುತ್ತದೆ' ಎಂದು ಮಾರಿದ ಅಚ್ಚು. ಅಂದರೆ ಯಾವ ಗಿಟಾರಿಗೂ ಸರಿಯಾಗಿ ಹೊಂದದು. ಕತ್ತಿನ ಕೆಳಗೆ ಎರಡು ಬೆರಳು ತೂರುವಷ್ಟು ಸಂದು ಇತ್ತು, ಕೊಂಡ ದಿನವೇ ಕಂಡಿದ್ದೆ. ಅದು ಇಷ್ಟು ದೊಡ್ಡ ವಿಷಯವೆಂದು ಹೊಳೆದಿರಲಿಲ್ಲ. ಅರ್ಧ ಅಂಕ ಹೋದದ್ದು ಇಲ್ಲಿ.

ರಿಪೇರಿಯವರು ಅಂಟು ಹಾಕಿ ಕೂಡಿಸಿದರು, ಈಗಲೂ ಗಟ್ಟಿಯಾಗಿದೆ. ಮೂರನೆಯ ಸಲ ಕತ್ತಿನ ಕೆಳಗೆ ಮಡಿಸಿದ ಟವೆಲ್ ಇಟ್ಟೆ, ಹೆಡ್‌ಸ್ಟಾಕಿನ ಮೇಲೂ ಕೆಳಗೂ ಹತ್ತಿಬಟ್ಟೆ ತುರುಕಿದೆ. ತಂತಿಗಳನ್ನು ಸುಮಾರು ಒಂದು ಸ್ವರದಷ್ಟು ಇಳಿಸಿದೆ. ಅಕೂಸ್ಟಿಕ್ ಗಿಟಾರಿನ ಆರು ತಂತಿಗಳ ಒಟ್ಟು ಎಳೆತ ಸುಮಾರು 70 ಕಿಲೋ, ಅದನ್ನು ಸ್ವಲ್ಪ ತಗ್ಗಿಸಿದರೆ ಕತ್ತಿಗೆ ಆರಾಮ. ಪೂರ್ತಿ ಬಿಚ್ಚಬಾರದು, ಕತ್ತಿನೊಳಗಿನ ಉಕ್ಕಿನ ಸರಳು ಎದುರು ದಿಕ್ಕಿಗೆ ಎಳೆಯುತ್ತಿರುತ್ತದೆ. ಮುಚ್ಚಳ ಹಾಕಿ, ಕೇಸನ್ನು ಮೆಲ್ಲಗೆ ಓರೆ ಮಾಡಿ ಕಿವಿಗೊಟ್ಟೆ. ಒಳಗೆ 'ದಬ್' ಎಂದಿತು. ಮತ್ತೆ ತೆರೆದು ಇನ್ನೊಂದು ಟವೆಲ್ ಸೇರಿಸಿದೆ.

ಉಳಿದ ಒಂದು ಅಂಕವನ್ನು ಕೀಬೋರ್ಡಿನ ಕೇಸ್ ನುಂಗಿತು. ಐದನೆಯ ವರ್ಷ ತೆರೆದಾಗ ಕೀಗಳ ಮೇಲೆಲ್ಲ ಅಂಟಂಟಾದ ಕಪ್ಪು ಪುಡಿ. ಮೇಲೆ ಥಳುಕು, ಒಳಗೆ ಹುಳುಕು ಎನ್ನುವುದು ಅಕ್ಷರಶಃ ನಿಜವಾಗಿತ್ತು. ಸ್ಪಂಜಿನಂಥ ಪಾಲಿಯುರೆಥೇನ್ ಫೋಮ್ ಗಾಳಿಯ ತೇವಕ್ಕೆ ಕಾಲಕ್ರಮೇಣ ಹೀಗೆ ಕರಗಿ ಉದುರುತ್ತದೆ. ಬೆರಳಲ್ಲಿ ಒತ್ತಿದರೆ ಮೇಲೇಳದ ಫೋಮ್ ಏಟನ್ನೂ ತಡೆಯದು. ಕೀಗಳ ಸಂದಿಯಿಂದ ಆ ಪುಡಿಯನ್ನು ಬ್ರಷ್ಷಿನಲ್ಲಿ ತೆಗೆಯಲು ಎರಡು ಭಾನುವಾರ ಹಿಡಿಯಿತು. ಎಲ್ಲವನ್ನೂ ಕೆರೆದು, ನೀರು ಹೀರದ ಪಾಲಿಎಥಿಲೀನ್ ಫೋಮ್ ಕತ್ತರಿಸಿ ಅಂಟಿಸಿದೆ. ಕೀಗಳ ಮೇಲೆ ಮುಚ್ಚಳ ಒತ್ತದಂತೆ ಆ ಭಾಗವನ್ನು ಟೊಳ್ಳು ಬಿಟ್ಟೆ. ಕಾರ್ಖಾನೆಯವರೇ ಮಾಡಬೇಕಿದ್ದ ಕೆಲಸ ಇದು.

ಅಡಾಪ್ಟರನ್ನು ಕೀಬೋರ್ಡಿನ ಜೊತೆಗೇ ಸಡಿಲವಾಗಿ ಹಾಕಬೇಡಿ, ದಾರಿಯುದ್ದಕ್ಕೂ ಅದೊಂದು ಸುತ್ತಿಗೆ. ಗಿಟಾರಿನೊಳಗೆ ಸದ್ದಿನ ಸಂಕೇತವನ್ನು ಹಿಗ್ಗಿಸುವ ಪ್ರೀಆಂಪ್‌ನಲ್ಲಿರುವ 9 ವೋಲ್ಟ್ ಬ್ಯಾಟರಿಯನ್ನು ತೆಗೆದಿಡಿ. ನನ್ನ ವಾಲ್ವ್ ಆಂಪ್ಲಿಫಯರಿಗೆ (ಗಾಜಿನ ಕೊಳವೆಗಳಿಂದ ಸದ್ದು ಹೆಚ್ಚಿಸುವ ಯಂತ್ರ) ಕೇಸ್ ಇಲ್ಲ, ವಾಲ್ವ್‌ಗಳಿಗೆ ಸಂಖ್ಯೆ ಅಂಟಿಸಿ, ಕಳಚಿ, ಬೇರೆ ಡಬ್ಬದಲ್ಲಿ ಒಯ್ದೆ.

ಎಂಥ ಕೇಸ್ ಆದರೂ ಸೆಕೆ ಮತ್ತು ತೇವವನ್ನು ಪೂರ್ತಿ ತಡೆಯದು. ಮರದ ವಾದ್ಯಕ್ಕೆ ಶೇ. 45ರಿಂದ 55ರಷ್ಟು ಆರ್ದ್ರತೆ ಹಿತ. ಗಿಟಾರಿನ ಕೇಸಿನಲ್ಲಿ ಪುಟ್ಟ ಆರ್ದ್ರತಾ ಮಾಪಕ ಇಟ್ಟಿದ್ದೇನೆ. ತಣ್ಣನೆಯ ಲಾರಿಯಿಂದ ಇಳಿಸಿದ ಕೇಸನ್ನು ಬೆಚ್ಚಗಿನ ಕೋಣೆಯಲ್ಲಿ ಒಡನೆಯೇ ತೆರೆದರೆ ವಾದ್ಯದ ಮೇಲೆ ಹನಿಗಟ್ಟುತ್ತದೆ. ಹೋದ ಸಲ ಮನೆಯವರೆಲ್ಲ "ತೆಗೆದು ನೋಡು, ತೆಗೆದು ನೋಡು" ಎನ್ನುತ್ತಿದ್ದರೂ ಮಾರನೆಯ ದಿನದವರೆಗೆ ಮುಟ್ಟಲಿಲ್ಲ. ಅಂದು ರಾತ್ರಿ ನಿದ್ದೆ ಬಂದಿತೆಂದು ಹೇಳಲಾರೆ.

ಮತ್ತೆ ಕೊಳ್ಳುವುದಾದರೆ ಕೀಬೋರ್ಡಿಗೆ ಇದೇ ಕೇಸ್, ಚಕ್ರ ಸಮೇತ. ಗಿಟಾರಿಗೆ ಮಾತ್ರ ಅದರ ಅಳತೆಗೇ ಕೊರೆದ ಫೋಮ್ ಇರುವುದು. ಸದ್ಯಕ್ಕೆ ಗಿಟಾರಿನ ಕೇಸಿನ ನಡುವಣ ಚಿಲಕದ ರಿವೆಟ್ ಸಡಿಲವಾಗಿದೆ. ಮುಂದಿನ ಮನೆ ಗೊತ್ತಾಗುವ ಮೊದಲು ಅದನ್ನು ಬದಲಿಸಬೇಕು.