ರೀಪರ್: ಡೊಂಬಿವಲಿಯ ಮನೆಯಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ನಮ್ಮ ಡೊಂಬಿವಲಿಯ ಭಜನಾ ಮಂಡಳಿಯ ಹುಡುಗರು ರೆಕಾರ್ಡಿಂಗಿಗೆ ಯಾವ ಸಾಫ್ಟ್‌ವೇರ್ ಒಳ್ಳೇದು ಅಂತ ಕೇಳುತ್ತಿರುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ನೀವು ಹಾಡುವವರಾ, ಕಂಪ್ಯೂಟರಿನಲ್ಲೇ ಬೀಟ್ ಕಟ್ಟುವವರಾ? ಹಾಡುವವರಾದರೆ, ಹಾರ್ಮೋನಿಯಂ, ತಬಲಾ ಮನೆಯಲ್ಲೇ ಇದ್ದರೆ, ಕಣ್ಣು ಮುಚ್ಚಿ ರೀಪರ್ ಹಾಕಿಕೊಳ್ಳಿ. ದಾಸರ ಪದ, ಭಾವಗೀತೆ ಎಲ್ಲವನ್ನೂ ನಾನು ಇದರಲ್ಲೇ ರೆಕಾರ್ಡ್ ಮಾಡುತ್ತೇನೆ.

ಇದರ ಜೊತೆ ವಾದ್ಯಗಳ ದನಿ ಹೆಚ್ಚೇನೂ ಬರುವುದಿಲ್ಲ. ಡ್ರಮ್ಸ್, ಪಿಯಾನೋ ಬೇಕಿದ್ದರೆ ಬೇರೆ ಪ್ಲಗಿನ್, ಅಂದರೆ ಇದರೊಳಗೆ ಸೇರಿಸಿಕೊಳ್ಳುವ ಚಿಕ್ಕ ಸಾಫ್ಟ್‌ವೇರ್, ಹುಡುಕಬೇಕು. ಬೀಟ್ ಕಟ್ಟುವವರಿಗೆ ಎಫ್‌ಎಲ್ ಸ್ಟುಡಿಯೋ ಅನ್ನುವ ಇನ್ನೊಂದು ಸಾಫ್ಟ್‌ವೇರೇ ವಾಸಿ.

ಹೊಸಬರು ಸಿಕ್ಕಿಬೀಳುವುದು ಲೇಟೆನ್ಸಿಯಲ್ಲಿ, ಅಂದರೆ ದನಿ ತಡವಾಗಿ ಕೇಳುವುದರಲ್ಲಿ. ಹಾಡಿದ ದನಿ ಹೆಡ್‌ಫೋನಿಗೆ ತಡವಾಗಿ ಬಂದರೆ ಎಂಥವರಿಗೂ ತಾಳ ತಪ್ಪುತ್ತದೆ, ಅಲ್ವಾ? ವಿಂಡೋಸ್‌ನಲ್ಲಿ ದನಿಯ ತಡ ಕಡಿಮೆ ಮಾಡುವ ಆಸಿಯೋ (ASIO) ಡ್ರೈವರ್ ಆಯ್ದುಕೊಂಡು, ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ದನಿಯ ಸ್ಯಾಂಪಲ್‌ಗಳನ್ನು, 128ಕ್ಕೆ ಇಳಿಸಿ. ಸ್ಯಾಂಪಲ್ ರೇಟ್ ಸೆಕೆಂಡಿಗೆ 44,100 ಇದ್ದಾಗ 1,024ರ ಬಫರ್ ಒಂದೇ ಸುಮಾರು 23 ಮಿಲಿಸೆಕೆಂಡ್ ತಡ ಮಾಡುತ್ತದೆ. 128ಕ್ಕೆ ಅದು 3ರ ಹತ್ತಿರ. ಮಿಕ್ಸ್ ಮಾಡುವಾಗ ಮತ್ತೆ ಏರಿಸಿ, ಇಲ್ಲದಿದ್ದರೆ ಹಳೇ ಲ್ಯಾಪ್‌ಟಾಪ್ ಚಟಪಟ ಅನ್ನುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ತಾಳದ ಅನುಕೂಲ. ಏಳು ಎಣಿಕೆಯ ಮಿಶ್ರಛಾಪಿಗೆ ಟೈಮ್ ಸಿಗ್ನೇಚರ್ (ತಾಳದ ಲೆಕ್ಕ) 7/8 ಇಟ್ಟು, ತಾಳಕ್ಕೆ ಕ್ಲಿಕ್ ಸದ್ದು ಕೊಡುವ ಮೆಟ್ರೊನೋಮ್‌ನಲ್ಲಿ ಯಾವ ಏಟು ಜೋರಾಗಿ ಬೀಳಬೇಕು ಅಂತ ನಾವೇ ಹೇಳಬಹುದು. ತಕಿಟ ತಕಧಿಮಿ ಕಿವಿಗೆ ಸರಿಯಾಗಿ ಬೀಳುತ್ತದೆ. ನಮ್ಮ ಪದಗಳಿಗೆ ಇದು ಬೇಕೇ ಬೇಕು. ಭಜನೆಯ ಮಾತು ಬೇರೆ. ಅಲ್ಲಿ ಲಯ ಏರುತ್ತಾ ಹೋಗುತ್ತದೆ, ಹಾಗಾಗಿ ಕ್ಲಿಕ್ ಮತ್ತು ಸ್ನ್ಯಾಪ್ (ತುಣುಕುಗಳನ್ನು ತಾಳದ ಗೆರೆಗೆ ಎಳೆದು ಕೂರಿಸುವ ಸೌಲಭ್ಯ) ಎರಡನ್ನೂ ಆಫ್ ಮಾಡಿಬಿಡಿ.

ಫ್ಯಾನ್ ಸದ್ದಿಗೆ ಇದರಲ್ಲೇ ಇರುವ ರೀಫಿರ್ ಪ್ಲಗಿನ್ ಸಾಕು. ಹಾಡುವ ಮುಂಚೆ ಸ್ವಲ್ಪ ಹೊತ್ತು ಯಾರೂ ಮಾತಾಡದೆ ಸುಮ್ನೆ ರೆಕಾರ್ಡ್ ಆಗಲು ಬಿಡಿ. ಆ ತುಣುಕಿನಿಂದ ಅದು ಸದ್ದನ್ನು ಗುರುತಿಸಿಕೊಂಡು, ಹಾಡಿನಿಂದ ಕಳೆಯುತ್ತದೆ. ಒಂದೇ ಸಮನೆ ಬರುವ ಸದ್ದಿಗೆ ಮಾತ್ರ ಇದು ಸರಿ. ಲೋಕಲ್ ಟ್ರೇನಿನ ಹಾರ್ನ್ ಬಿದ್ದರೆ ಆ ಸಾಲನ್ನು ಮತ್ತೆ ಹಾಡಲೇಬೇಕು.

60 ದಿನ ರೀಪರ್‌ನ ಎಲ್ಲ ಸೌಲಭ್ಯವನ್ನೂ ಪುಕ್ಕಟೆ ಬಳಸಿ ನೋಡಬಹುದು. ಆಮೇಲೆ ನಮ್ಮಂಥವರಿಗೆ 60 ಡಾಲರ್, ಅಂದರೆ 5,000 ರೂಪಾಯಿಗೆ ಸ್ವಲ್ಪ ಮೇಲೆ. 7ನೇ ಆವೃತ್ತಿಗೆ ಲೈಸೆನ್ಸ್ ಕೊಂಡರೆ 8.99ರವರೆಗೂ ಅದೇ ನಡೆಯುತ್ತದೆ.