ಮಂಡಿ ಒಳಕ್ಕೆ ವಾಲುತ್ತಿದೆಯೇ? ಕ್ಲಾಮ್‌ಶೆಲ್ ಅಥವಾ ನೇರ ಕಾಲೆತ್ತುವಿಕೆ

ಕುಳಿತೇಳುವಾಗ ಮಂಡಿ ಒಳಕ್ಕೆ ವಾಲಿದರೆ ಸೊಂಟದ ಪಕ್ಕದ ಗ್ಲೂಟಿಯಸ್ ಮೀಡಿಯಸ್ ಸ್ನಾಯುವನ್ನು ಅನುಮಾನಿಸಿ. ಒಂಟಿಕಾಲಲ್ಲಿ ನಿಂತಾಗ ಸೊಂಟ ಜಾರದಂತೆ ಹಿಡಿಯುವುದು ಮುಖ್ಯವಾಗಿ ಅದೇ. (ಪಾದದ ಕಮಾನು ಕುಸಿದಿದ್ದರೂ ಮಂಡಿ ಹೀಗೆ ವಾಲಬಹುದು, ಅದನ್ನೂ ನೋಡಿ.) ಈ ಸ್ನಾಯುವನ್ನು ಬಲಪಡಿಸುವ ಎರಡು ವ್ಯಾಯಾಮಗಳು ಇಲ್ಲಿವೆ.

ಕ್ಲಾಮ್‌ಶೆಲ್: ಮಗ್ಗುಲಾಗಿ ಮಲಗಿ, ಮಂಡಿಗಳನ್ನು 90 ಡಿಗ್ರಿ ಮಡಚಿ, ಹಿಮ್ಮಡಿ ಜೋಡಿಸಿಟ್ಟು ಮೇಲಿನ ಮಂಡಿಯನ್ನಷ್ಟೇ ತೆರೆಯಬೇಕು. ಹೊಸಬರಿಗೆ ಸುಲಭ. ಆದರೆ ಸೊಂಟ ಹಿಂದಕ್ಕೆ ಉರುಳಿದರೆ ಮಂಡಿ ಎತ್ತರ ಹೋದಂತೆ ಕಾಣುತ್ತದೆಯೇ ಹೊರತು ಸ್ನಾಯುವಿಗೆ ಕೆಲಸ ಸಿಗದು.

ನೇರ ಕಾಲೆತ್ತುವಿಕೆ: ಇಲ್ಲೂ ಮಗ್ಗುಲಾಗಿ ಮಲಗಿ, ಮೇಲಿನ ಕಾಲನ್ನು ಮಡಚದೆ ಮೇಲಕ್ಕೆತ್ತಬೇಕು. ಇಡೀ ಕಾಲಿನ ಭಾರ ಹೊರುವುದರಿಂದ ಸ್ನಾಯು ಹೆಚ್ಚು ದುಡಿಯುತ್ತದೆ, ಬಲಕ್ಕಾಗಿ ನಮ್ಮ ಆಯ್ಕೆ ಇದೇ. ಬೆನ್ನು, ಹಿಮ್ಮಡಿ ಗೋಡೆಗೆ ತಾಗಿರಲಿ, ಕಾಲ್ಬೆರಳು ಮುಂದಕ್ಕೆ ನೋಡಲಿ, 30 ಡಿಗ್ರಿ ಎತ್ತಿದರೆ ಸಾಕು. ಬೆರಳು ಛಾವಣಿಯತ್ತ ತಿರುಗಿ ಕಾಲು ಮುಂದೆ ಬಂತೋ, ಸೊಂಟದ ಮುಂಭಾಗದ ಸ್ನಾಯುಗಳು ಕೆಲಸ ಕಸಿದುಕೊಳ್ಳುತ್ತವೆ.

ಸೊಂಟ ಅಲುಗದೆ 15 ಕ್ಲಾಮ್‌ಶೆಲ್ ಬಂದರೆ ಎರಡನೆಯದಕ್ಕೆ ಹೋಗಿ.